ಸುನೌಲಿ ಗೇಟಿನಾಚೆಯ ಎರಡು ಗಂಟೆ

ಶಾಂತಿಗ್ರಾಮ
15 ಡಿಸೆಂಬರ್ 2025

ಮನೋಹರ ಅವರಿಗೆ,

ಜೈ ಭೀಮ್. ಹೇಗಿದ್ದೀರಿ ಎಂದು ಕೇಳುವುದಿಲ್ಲ. ಹೊಸ ಸಿಮ್ಮಿನಿಂದ ಆರು ಸಲ ಫೋನ್ ಮಾಡಿದೆ, ಆರು ಸಲವೂ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡಿದಿರಿ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ಅದಕ್ಕೇ ಸ್ಪೀಡ್ ಪೋಸ್ಟಿನಲ್ಲಿ, ಹೊಳೆನರಸೀಪುರದ ನಿಮ್ಮ ಎಲೆಕ್ಟ್ರಿಕಲ್ ಅಂಗಡಿಯ ವಿಳಾಸಕ್ಕೇ ಕಳಿಸುತ್ತಿದ್ದೇನೆ. ಗಿರಾಕಿಗಳ ಎದುರಿಗೆ ಸಹಿ ಹಾಕಿ ತೆಗೆದುಕೊಳ್ಳಿ.

ನನ್ನ ನಂಬರು ನನಗೆ ವಾಪಸ್ ಬೇಕು. ಅದು ನಿಮ್ಮ ಹೆಸರಿನಲ್ಲಿದೆ, ಒಪ್ಪಿದೆ. ಒಂದೇ ಪ್ಲಾನಿಗೆ ಎರಡು ಸಿಮ್ ಬರುತ್ತದೆ, ಅಗ್ಗ ಎಂದು ಮದುವೆಯಾದ ವರ್ಷ ನೀವೇ ತಂದುಕೊಟ್ಟಿರಿ. ಆದರೆ ಒಂಬತ್ತು ವರ್ಷ ಆ ನಂಬರು ಹಿಡಿದು ಆಶಾ ಕೆಲಸ ಮಾಡಿದವಳು ನಾನು. ಈ ಊರಿನಲ್ಲಿ ಬಸುರಿಯಾದ ಪ್ರತಿಯೊಬ್ಬಳ ತಾಯಿ ಕಾರ್ಡಿನ ಮೇಲೂ ನನ್ನ ಹೆಸರು, ಪಕ್ಕದಲ್ಲಿ ಆ ನಂಬರು, ನನ್ನ ಕೈಬರಹದಲ್ಲೇ ಇದೆ. ಅಂಗನವಾಡಿ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದೇವೆ. ಅದನ್ನು ನವೆಂಬರ್ ಇಪ್ಪತ್ತನೇ ತಾರೀಕು ಒಂದು ಮಾತೂ ಹೇಳದೆ ಬಂದ್ ಮಾಡಿಸಿದಿರಿ.

ಫೋನಿನಲ್ಲಿ ಸಿಗ್ನಲ್ ಹೋದಾಗ ಟವರ್ ಕೆಟ್ಟಿದೆ ಅಂದುಕೊಂಡೆ. ಎರಡು ದಿನ ಸುಮ್ಮನೆ ಕಾದೆ. ಅದು ನನ್ನ ದಡ್ಡತನ, ಬೇರೆ ಯಾರ ಮೇಲೂ ಹಾಕುವುದಿಲ್ಲ. ಆದರೆ ಆ ಎರಡನೇ ದಿನ ಏನಾಯಿತು ಅಂತ ನಿಮಗೆ ಗೊತ್ತಾಗಬೇಕು. ಕೆಳಗಿನ ಬೀದಿಯ ಮೇಘಶ್ರೀಗೆ ಎಂಟನೇ ತಿಂಗಳು. ಮಧ್ಯಾಹ್ನ ಬಟ್ಟೆ ಒಗೆಯುತ್ತಿದ್ದವಳಿಗೆ ರಕ್ತ ಹೋಗಲು ಶುರುವಾಗಿದೆ. ಅವಳ ಗಂಡ ಸಿದ್ದೇಶ್ವರ ಕಾರ್ಡು ನೋಡಿ ನನ್ನ ನಂಬರಿಗೆ ಏಳು ಸಲ ಹಚ್ಚಿದ್ದಾನೆ. ಈ ನಂಬರು ಚಾಲ್ತಿಯಲ್ಲಿಲ್ಲ ಎಂದು ಏಳು ಸಲ ಹೇಳಿಸಿಕೊಂಡಿದ್ದಾನೆ. ಬೈಕ್ ಹತ್ತಿ ನಮ್ಮ ಮನೆಗೆ ಬಂದರೆ ಬೀಗ. ನಾನು ಆಸ್ಪತ್ರೆಯಲ್ಲಿ ಲಸಿಕೆ ದಿನದ ಕೆಲಸದಲ್ಲಿದ್ದೆ. ಅವನು ಹುಡುಕಿಕೊಂಡು ಅಲ್ಲಿಗೆ ಬರುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು.

ನೇರವಾಗಿ ಆಂಬುಲೆನ್ಸಿಗೇ ಮಾಡಬಾರದಿತ್ತಾ ಎಂದು ಅವನ ಮೇಲೆ ರೇಗಿದೆ. "ಅಕ್ಕಂಗೆ ಮಾಡುದ್ರೆ ಎಲ್ಲಾ ಅಕ್ಕನೇ ನೋಡ್ಕತಾಳೆ ಅಂತ್ಲೇ ಇದ್ದೆ ಕಣಕ್ಕ, ಕೈಕಾಲೇ ಆಡ್ನಿಲ್ಲ" ಅಂದ. ತಪ್ಪು ಅವನದಲ್ಲ. ಏನೇ ಆದರೂ ಮೊದಲು ನನಗೆ ಮಾಡಿ ಎಂದು ಮನೆಮನೆಗೆ ಹೋಗಿ ಹೇಳಿದವಳು ನಾನೇ. ಹಾಸನದ ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಮಗು ಒಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಈಗ ತಾಯಿ ಮಗು ಇಬ್ಬರೂ ಮನೆಗೆ ಬಂದಿದ್ದಾರೆ. ಬಾಣಂತಿಯನ್ನು ನೋಡಲು ಹೋದರೆ ಮೇಘಶ್ರೀಯ ಅತ್ತೆ ನನಗೆ ಕೂರು ಎಂದೂ ಹೇಳಲಿಲ್ಲ. "ನಂಬರ್ ಚೇಂಜ್ ಮಾಡ್ದೋಳು ನಮ್ಗೊಂದ್ ಮಾತು ಯೋಳ್ಬಾರ್ದಾ?" ಎಂದು ಕೇಳಿದರು. ನನ್ನ ಗಂಡ ಬಂದ್ ಮಾಡಿಸಿದ ಎಂದು ಹೇಳಲು ನಾಚಿಕೆಯಾಗಿ ಮಗುವಿನ ತೂಕ ಬರೆದುಕೊಂಡು ಹೊರಟುಬಂದೆ.

ಈಗ ನಿಮಗೆ ಬಂದ ಫೋನ್ ಬಿಲ್ಲಿನ ವಿಷಯ. ನಲವತ್ತಾರು ಸಾವಿರದ ಬಿಲ್ಲು ನೋಡಿ ನಿಮಗೆ ತಲೆ ತಿರುಗಿರುತ್ತದೆ. ನನಗೂ ತಿರುಗಿತು. ಶಿವರಾಜು ಕರೆದುಕೊಂಡು ಹೋದ ಬುದ್ಧಗಯಾ, ಸಾರನಾಥ, ಲುಂಬಿನಿ ಯಾತ್ರೆಯಲ್ಲಿ ಆದ ಬಿಲ್ಲು ಅದು, ನಲವತ್ತು ಜನ ಹೋಗಿದ್ದೆವು. ಗೋರಖಪುರದವರೆಗೆ ರೈಲು, ಅಲ್ಲಿಂದ ಬಸ್ಸು. ಸುನೌಲಿ ಎಂಬಲ್ಲಿ ಒಂದು ಗೇಟು. ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ಗೇಟಿನ ಈಚೆ ಟೀ ಕುಡಿದೆವು, ಆಚೆ ಹೋಗಿ ಅದೇ ನೂರರ ನೋಟು ಕೊಟ್ಟು ಬಾಳೆಹಣ್ಣು ತೆಗೆದುಕೊಂಡೆವು. ಬಸ್ಸಿನಲ್ಲಿ ಕೂತ ಹಾಗೇ ನಾನು ವಿದೇಶಕ್ಕೆ ಹೋಗಿಬಿಟ್ಟಿದ್ದೆ, ನನಗೇ ಗೊತ್ತಿಲ್ಲ. ಗೊತ್ತಿದ್ದದ್ದು ಸಿಮ್ ಕಂಪನಿಗೆ ಮಾತ್ರ. ಇನ್ನು ಹೊರದೇಶದ ದರ ಎಂದು ಇಂಗ್ಲಿಷಿನಲ್ಲಿ ಒಂದು ಮೆಸೇಜು ಕಳಿಸಿದ್ದರಂತೆ. ಸಾಲ ಬೇಕಾ, ಹಾಡು ಬೇಕಾ ಎಂದು ದಿನಕ್ಕೆ ಹತ್ತು ಮೆಸೇಜು ಹಾಕುವವರು ನಿಜವಾಗಿ ಎಚ್ಚರಿಸಬೇಕಾದ ಮಾತನ್ನೂ ಅದೇ ಕಸದ ಜೊತೆಗೆ ಹಾಕಿದರೆ ಯಾರು ಓದುತ್ತಾರೆ? ನಾನು ಓದಲಿಲ್ಲ.

ಲುಂಬಿನಿಯಲ್ಲಿ ಎರಡು ಗಂಟೆ ವಿಡಿಯೊ ಕಾಲ್ ಮಾಡಿದ್ದು ನಿಜ. ಚಪ್ಪಲಿ ಬಿಟ್ಟು ಒಳಗೆ ಹೋದಾಗಿನಿಂದ ಫೋನನ್ನು ಎದೆಯ ಮಟ್ಟಕ್ಕೆ ಹಿಡಿದುಕೊಂಡೇ ಸುತ್ತಿದೆ. ಮಾಯಾದೇವಿಯ ಬಿಳಿ ಗುಡಿ, ಅಶೋಕನ ಕಂಬ, ಕೊಳ, ಅದರ ದಡದ ದೊಡ್ಡ ಅರಳಿಮರ, ಮರದಿಂದ ಮರಕ್ಕೆ ಕಟ್ಟಿದ ಬಣ್ಣದ ಬಾವುಟಗಳು, ಎಲ್ಲವನ್ನೂ ತೋರಿಸಿದೆ. ಗುಡಿಯೊಳಗೆ ಫೋನು ತೆಗೆಯಬಾರದು ಅಂದರು, ಚೀಲಕ್ಕೆ ಹಾಕಿಕೊಂಡೆ, ಆದರೆ ಕಟ್ ಮಾಡಲಿಲ್ಲ. ಹೊರಗೆ ಬಂದು ನೋಡಿದರೆ ಆ ಕಡೆಯವರು ಹಾಗೇ ಕಾಯುತ್ತ ಕೂತಿದ್ದರು. ಅವರು ಯಾರು ಎಂದು ನಿಮಗೆ ಹೇಳುವುದಿಲ್ಲ. ಹೇಳಬೇಡ ಎಂದು ಅವರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಕೊಟ್ಟ ಮಾತನ್ನು ನಿಮ್ಮ ಅನುಮಾನಕ್ಕೆ ಹೆದರಿ ಮುರಿಯುವುದಿಲ್ಲ.

ನೀವೇನು ಮಾಡಿದಿರಿ? ನನ್ನನ್ನು ಕೇಳಲಿಲ್ಲ. ಶಿವರಾಜುವಿಗೆ ಫೋನ್ ಮಾಡಿ ಬಸ್ಸಿನಲ್ಲಿ ಅವಳ ಪಕ್ಕ ಯಾವನು ಕೂತಿದ್ದ ಎಂದು ಕೇಳಿದಿರಿ. ಆಶಾ ಕೆಲಸದವಳಿಗೆ ಟೂರಿಗೆ ಹೋಗಲು ದುಡ್ಡು ಕೊಟ್ಟವನು ಯಾರು ಎಂದೂ ಕೇಳಿದಿರಿ. ಪಾಪ ಆ ಮನುಷ್ಯ ನನಗೆ ಮುಖ ಕೊಡಲಾರದೆ, "ಅಕ್ಕಾ, ನಿಮ್ಮ ಯಜಮಾನ್ರು ಇಂಗಿಂಗೆ ಕೇಳ್ತಾವ್ರೆ, ನಾನೇನಂತ ಯೋಳ್ಲಿ?" ಅಂದ. ನನ್ನ ಪಕ್ಕ ಕೂತಿದ್ದದ್ದು ಚನ್ನರಾಯಪಟ್ಟಣದ ಎಪ್ಪತ್ತು ವರ್ಷದ ಅಜ್ಜಿ. ದಾರಿಯುದ್ದಕ್ಕೂ ನನ್ನ ಭುಜದ ಮೇಲೆ ತಲೆಯಿಟ್ಟು ಗೊರಕೆ ಹೊಡೆದರು. ಬೇಕಾದರೆ ಅವರ ನಂಬರನ್ನೂ ಕೊಡುತ್ತೇನೆ, ವಿಚಾರಣೆ ಮಾಡಿಕೊಳ್ಳಿ.

ಹಾಸನದ ಬಿ.ಎಂ. ರಸ್ತೆಯಲ್ಲಿರುವ ಕಂಪನಿಯ ಅಂಗಡಿಗೆ ಮೂರು ಸಲ ಅಲೆದೆ. ಮೂರನೇ ಸಲ ನಿಸರ್ಗ ಎಂಬ ಹುಡುಗಿ ಸಿಕ್ಕಳು, ಒಳ್ಳೆಯವಳು. ಎಲ್ಲರ ಫೋನೂ ಹೊರದೇಶದಲ್ಲಿ ಹೀಗೆ ತಾನಾಗಿ ನಡೆಯುವುದಿಲ್ಲ, ಯಾರಾದರೂ ಕೇಳಿಕೊಂಡರೆ ಮಾತ್ರ ಚಾಲೂ ಮಾಡುತ್ತೇವೆ ಎಂದಳು. ನಾನು ಯಾವತ್ತು ಕೇಳಿದೆ ಎಂದು ಜಗಳಕ್ಕೇ ಹೋದೆ. ಅವಳು ಕಂಪ್ಯೂಟರ್ ತಿರುಗಿಸಿ ತಾರೀಕು ತೋರಿಸಿದಳು. ಎರಡು ವರ್ಷದ ಹಿಂದಿನ ತಾರೀಕು. ವೈರ್ ಕಂಪನಿಯವರು ಚೆನ್ನಾಗಿ ವ್ಯಾಪಾರ ಮಾಡಿದ ಅಂಗಡಿಯವರನ್ನೆಲ್ಲ ಬ್ಯಾಂಕಾಕಿಗೆ ಕರೆದುಕೊಂಡು ಹೋದರಲ್ಲ, ನೀವು ವಿಮಾನ ಹತ್ತುವ ಹಿಂದಿನ ದಿನ! ಒಂದು ನಂಬರಿಗಾ ಎರಡಕ್ಕೂನಾ ಎಂದು ಕೇಳಿದ್ದಾರೆ, ನೀವು ಎರಡಕ್ಕೂ ಹಾಕಿ ಅಂದಿದ್ದೀರಿ. ಆದರೆ ಹೊರದೇಶದಲ್ಲಿ ಅಗ್ಗವಾಗುವ ಪ್ಯಾಕನ್ನು ನಿಮ್ಮ ನಂಬರಿಗೆ ಮಾತ್ರ ಹಾಕಿಸಿಕೊಂಡಿದ್ದೀರಿ. ವಾಪಸ್ ಬಂದಮೇಲೆ ತೆಗೆಸಲೂ ಇಲ್ಲ, ನನಗೆ ಹೇಳಲೂ ಇಲ್ಲ.

ನೀವು ಬ್ಯಾಂಕಾಕಿನಿಂದ ಬಂದಾಗ ಪಕ್ಕದಲ್ಲಿ ಯಾರು ಕೂತಿದ್ದರು ಎಂದು ನಾನು ಕೇಳಿದ್ದೆನಾ? ನೀವು ತಂದ ಆ ಘಾಟು ಸೆಂಟನ್ನು ಹಾಕಿಕೊಂಡು ನಗುನಗುತ್ತಾ ಓಡಾಡಿದೆ. ನನಗೆ ಅಪವೇಳೆಯಲ್ಲಿ ಹೆರಿಗೆ ನೋವಿನ ಫೋನು ಬಂದಾಗೆಲ್ಲ ಮಾತ್ರ ಯಾರದು, ಯಾರದು ಎಂದು ಪಕ್ಕದಲ್ಲೇ ನಿಂತು ಕೇಳುತ್ತಿದ್ದಿರಿ. ಕೊನೆಗೆ ಆ ಫೋನುಗಳ ಕಾಟ ತಡೆಯಲಾರೆ ಎಂದು ಅತ್ತೆಯನ್ನೂ ಕರೆದುಕೊಂಡು ಹೊಳೆನರಸೀಪುರಕ್ಕೆ ಹೋದಿರಿ. ಒಂದೂವರೆ ವರ್ಷವಾಯಿತು. ನಾನು ಗಂಡನನ್ನು ಬಿಟ್ಟೆ ಎಂದು ಊರೆಲ್ಲ ಹೇಳುತ್ತದೆ. ಮನೆ ಬಿಟ್ಟು ಹೋದವರು ನೀವು. ನಾನು ಇದ್ದಲ್ಲೇ ಇದ್ದೇನೆ.

ಬಿಲ್ಲನ್ನು ನಾನು ಕಟ್ಟಿದ್ದೇನೆ. ಸಂಘದಲ್ಲಿ ಸಾಲ ಎತ್ತಿ ಪೂರ್ತಿ ಕಟ್ಟಿದ್ದೇನೆ, ರಸೀದಿ ಇದರ ಜೊತೆಗಿದೆ. ಅರ್ಧ ನಿಮ್ಮ ತಪ್ಪು ಎಂದು ನಿಮ್ಮಿಂದ ಒಂದು ರೂಪಾಯಿಯನ್ನೂ ಕೇಳುತ್ತಿಲ್ಲ. ಕೇಳುತ್ತಿರುವುದು ಒಂದು ಸಹಿ. ತೊಂಬತ್ತು ದಿನ ಕಳೆದರೆ ಆ ನಂಬರನ್ನು ಬೇರೆ ಯಾರಿಗೋ ಕೊಟ್ಟುಬಿಡುತ್ತಾರಂತೆ. ಇಪ್ಪತ್ತೈದು ದಿನ ಆಗಲೇ ಹೋಗಿದೆ. ನೀವು ಆಧಾರ್ ಕಾರ್ಡ್ ತಂದು ಹೆಂಡತಿಯ ಹೆಸರಿಗೆ ವರ್ಗ ಮಾಡಿ ಎಂದು ಬರೆದುಕೊಟ್ಟರೆ ಸಾಕು, ಹತ್ತು ನಿಮಿಷದ ಕೆಲಸ ಎಂದು ನಿಸರ್ಗ ಹೇಳಿದಳು. ಇಷ್ಟು ವರ್ಷದಲ್ಲಿ ನಾನು ಬರೆದುಕೊಟ್ಟ ಕಾರ್ಡುಗಳಲ್ಲಿ ಇನ್ನೂರ ಎಂಬತ್ತು ಎಣಿಸಿ ಸಾಕಾಗಿ ಬಿಟ್ಟೆ. ಎಲ್ಲ ಮನೆಗೂ ಹೋಗಿ ತಿದ್ದುತ್ತಿದ್ದೇನೆ, ಆದರೂ ತವರಿಗೆ ಹೋದವರು, ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟು ಮರೆತವರು ಇದ್ದಾರೆ. ಅವರಲ್ಲಿ ಯಾರಿಗೋ ನೋವು ಬಂದು ಆ ನಂಬರಿಗೆ ಮಾಡಿದರೆ ಎತ್ತುವವರು ಯಾರು?

ಸೋಮವಾರ, ಇಪ್ಪತ್ತೆರಡನೇ ತಾರೀಕು, ಬೆಳಿಗ್ಗೆ ಹನ್ನೊಂದಕ್ಕೆ ನಾನು ಆ ಅಂಗಡಿಯ ಮುಂದೆ ಇರುತ್ತೇನೆ. ಬನ್ನಿ. ಮಾತಾಡಬೇಕಾಗಿಲ್ಲ, ನನ್ನ ಮುಖ ನೋಡಬೇಕಾಗಿಯೂ ಇಲ್ಲ. ಸಹಿ ಹಾಕಿ ಹೋಗಿ.

ಇಂತಿ,
ಇನ್ನೂ ನಿಮ್ಮ ರೇಷನ್ ಕಾರ್ಡಿನಲ್ಲಿರುವ
ಬಿಂದುಶ್ರೀ

ಮರೆತ ಮಾತು: ಇದನ್ನು ಮಡಿಸಿ ಕವರಿಗೆ ಹಾಕುತ್ತಿದ್ದೆ, ಅಷ್ಟರಲ್ಲಿ ನಿಮ್ಮ ತಾಯಿ ಬಂದರು. ನಿಮಗೆ ಅರಕಲಗೂಡಿನ ತಂಗಿ ಮನೆಗೆ ಹೋಗುತ್ತೇನೆ ಎಂದು ಹೇಳಿ, ಎರಡು ಬಸ್ಸು ಬದಲಾಯಿಸಿ ಇಲ್ಲಿಗೆ ಬಂದಿದ್ದಾರೆ. ಒಂದು ತಿಂಗಳಿಂದ ನನ್ನ ನಂಬರು ಹೋಗುತ್ತಿಲ್ಲ, ಸೊಸೆಗೆ ಏನಾಯಿತೋ ಎಂದು ದಿಗಿಲಾಯಿತಂತೆ. ಹೊಸ ನಂಬರಿನಿಂದ ನಾನು ಮಾಡಿದರೆ ಅವರು ಎತ್ತಿರಲೇ ಇಲ್ಲ. ಗೊತ್ತಿಲ್ಲದ ನಂಬರು ಎತ್ತಬೇಡ ಎಂದು ನೀವೇ ಹೇಳಿಕೊಟ್ಟಿದ್ದೀರಂತೆ. ಬಿಲ್ಲು, ಜಗಳ, ಬಂದ್ ಮಾಡಿಸಿದ್ದು ಯಾವುದೂ ಅವರಿಗೆ ತಿಳಿದಿರಲಿಲ್ಲ. ಈ ಕಾಗದವನ್ನು ಓದಿಸಿ ಕೇಳಿದರು. ಕೇಳಿ ಮುಗಿದ ಕೂಡಲೇ ಪೆನ್ನನ್ನು ನನ್ನ ಕೈಗಿಟ್ಟರು. ಆಮೇಲೆ ಅಂದರು, "ನಾನೇ ಕಣವ್ವ ಅಂತ ಬರಿ. ಸೀಟ್ಗೆ ದುಡ್ ಕಟ್ಟಿದ್ದೂ ನಾನೇ, ಎಲ್ಡು ಗಂಟೆ ನೋಡ್ತಾ ಕುಂತಿದ್ದೂ ನಾನೇ ಅಂತ ಬರಿ. ಎದ್ರುಕೊಂಡು ಮಗನ್ ಮುಂದೆ ಬಾಯ್ಮುಚ್ಕಂಡಿದ್ದೋಳೂ ನಾನೇ."

ಆ ಸೀಟು ಅವರದು. ಲುಂಬಿನಿ, ಮಾವ ಮಂಚಯ್ಯನವರು ಸಾಯುವ ಮುಂಚೆ ನೋಡಬೇಕು ಎಂದುಕೊಂಡು ನೋಡದೆ ಹೋದ ಜಾಗ. ಅತ್ತೆ ತಮ್ಮ ಪಿಂಚಣಿಯಲ್ಲಿ ಮೂರು ವರ್ಷ ಉಳಿಸಿ ಕಟ್ಟಿದ್ದರು. ಮಂಡಿ ನೋವಿನವಳು ಎಲ್ಲಿಗೂ ಹೋಗಬೇಡ ಎಂದು ನೀವು ಗದರಿದಾಗ ಸೀಟು ಬಿಟ್ಟೆ ಎಂದು ನಿಮಗೆ ಹೇಳಿ, ನನ್ನನ್ನು ಕಳಿಸಿದರು.

ಅವರು ಇನ್ನು ಇಲ್ಲೇ ಇರುತ್ತಾರಂತೆ. ಅವಸರದಲ್ಲಿ ಬಿಪಿ ಮಾತ್ರೆ ಬಿಟ್ಟು ಬಂದಿದ್ದಾರೆ. ಒಂದು ವಾರಕ್ಕಾಗುವಷ್ಟು ಆಸ್ಪತ್ರೆಯಿಂದ ತಂದುಕೊಟ್ಟಿದ್ದೇನೆ. ಸಹಿ ಹಾಕಲು ಬರುವಾಗ ಅವರ ಮಾತ್ರೆಯ ಡಬ್ಬಿ, ಗೂಟದ ಮೇಲಿರುವ ಎರಡು ಸೀರೆ ತನ್ನಿ. ಕರೆದುಕೊಂಡು ಹೋಗಲು ಬರಬೇಡಿ. ಇದು ಅವರೇ ಹೇಳಿ ಬರೆಸಿದ ಮಾತು.