ಸ್ಟಿಕ್ಕರ್ ಓದುವವಳು

3 ಜೂನ್, ಸೋಮವಾರ. ಬೆಳಿಗ್ಗೆ

ಬರೀಬೇಕಂತೆ. ದಿನಾ ಅರ್ಧ ಪುಟ. ಏನು ಬೇಕಾದರೂ ಬರೀರಿ, ಆದರೆ ಬರೀರಿ — ಮೇಷ್ಟ್ರ ಅಪ್ಪಣೆ. ಲಿಖಿತ ಪರೀಕ್ಷೆ ಇದೆ, ನಿಮ್ಮ ಅಕ್ಷರ ನನಗೆ ಓದೋಕಾಗ್ತಿಲ್ಲ ಅಂದ. ಓದಬೇಡ. ಯಾರು ಓದು ಅಂದರು? ಆರನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು ನಾನು. ಈ ವಯಸ್ಸಲ್ಲಿ ಮತ್ತೆ ಬೆಂಚು, ಮತ್ತೆ ಪೆನ್ನು. ಈ ಕೈ ಕಂಪ್ರೆಸರ್ ಎತ್ತುತ್ತೆ, ಪೆನ್ನು ಎತ್ತಲ್ಲ.

ಎಲ್ಲಾ ಹೊಸ ಕಾನೂನಿನ ಕಾಟ. ಲೈಸೆನ್ಸ್ ಕಾರ್ಡ್ ಇಲ್ಲದವರಿಗೆ ಆಗಸ್ಟ್‌ನಿಂದ ಗ್ಯಾಸ್ ಸಿಲಿಂಡರ್ ಮಾರೋ ಹಾಗಿಲ್ಲ. ಗ್ಯಾಸ್ ಇಲ್ಲದೆ ಫ್ರಿಜ್ ರಿಪೇರಿ ಅಂಗಡಿ ತೆರೆದುಕೊಂಡು ಏನು ಮಾಡಲಿ, ಒಳಗೆ ಕೂತು ಗಾಳಿ ಬೀಸಿಕೊಳ್ಳಲಾ?

ಕಾರ್ಡ್ ಬೇಕಾದರೆ ಕ್ಲಾಸಿಗೆ ಸೇರಿ ಪರೀಕ್ಷೆ ಪಾಸಾಗಬೇಕು. ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋದೆ, ನನ್ನ ಬದಲು ನೋಟ್ಸ್ ಬರೆದುಕೊಳ್ಳಲಿ ಅಂತ. ಆಫೀಸಿನವನು ಬಿಡಲಿಲ್ಲ. ಸೇರಿದವರು ಮಾತ್ರ ಒಳಗೆ ಕೂರಬೇಕು ಅಂದ. "ಹಾಗಾದರೆ ಇವಳದ್ದೂ ಬರಕೊಳ್ಳಯ್ಯ" ಅಂದೆ. ಇವಳು ಕೇಳಿರಲಿಲ್ಲ. ನಾನೇ ಅಂದದ್ದು.

ಸಾಕು. ಅರ್ಧ ಪುಟ ಆಯಿತು.

4 ಜೂನ್

ಬರೆದೆ. ಇಷ್ಟೇ.

7 ಜೂನ್, ಶುಕ್ರವಾರ. ಸಂಜೆ

ಮೇಷ್ಟ್ರಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದ ಹಾಗೆ ಮೀಸೆ. ಅದಕ್ಕೆ ಮೀಸೆ ಅಂತಲೇ ಬರೀತೀನಿ. ಇವತ್ತು ಮೀಸೆ ಕೇಳಿದ: ಗ್ಯಾಸ್ ತುಂಬೋ ಮೊದಲು ವ್ಯಾಕ್ಯೂಮ್ ಯಾಕೆ ಮಾಡಬೇಕು?

ನಾನು ಅಂದೆ, ಗಾಳಿ ತೆಗೆಯೋಕೆ.

"ಸರಿ ಯಜಮಾನರೇ. ಇನ್ನೇನು ತೆಗೆಯೋಕೆ?"

ಇನ್ನೇನಿದೆ ಅಲ್ಲಿ, ದೆವ್ವವಾ? ಪಕ್ಕದಲ್ಲಿ ಇವಳು ಮೆಲ್ಲಗೆ ಕೈ ಎತ್ತಿದಳು. ಪೈಪಿನೊಳಗೆ ತೇವ ಇರುತ್ತೆ, ಅದು ಸಣ್ಣ ಪೈಪಿನ ಬಾಯಲ್ಲಿ ಮಂಜುಗಡ್ಡೆ ಆಗಿ ಕೂರುತ್ತೆ, ಫ್ರಿಜ್ ನಿಂತುಹೋಗುತ್ತೆ, ಕರಗಿದ ಮೇಲೆ ಮತ್ತೆ ಓಡುತ್ತೆ, ಮತ್ತೆ ನಿಲ್ಲುತ್ತೆ...

"ವೆರಿ ಗುಡ್ ಮೇಡಂ! ಎಲ್ಲರೂ ಬರಕೊಳ್ಳಿ."

ಎಲ್ಲರೂ ಬರಕೊಂಡರು. ನಾನೂ. ನನ್ನ ಹೆಂಡತಿ ಹೇಳಿದ್ದನ್ನು ನಾನು ಬರಕೊಂಡೆ.

ಬಸ್ಸಲ್ಲಿ ಕೇಳಿದೆ, "ಎಲ್ಲಿ ಕಲಿತೆ ಅದನ್ನ?"

"ನೀವೇ ಹೇಳಿದ್ದಲ್ವೇನ್ರೀ. ಬೇಕರಿಯಮ್ಮನ ಫ್ರಿಜ್ ಮತ್ತೆ ಮತ್ತೆ ಬಿಚ್ಚಿದಾಗ ಬಾಯಿಗೆ ಬಂದ ಹಾಗೆ ಬೈಕೋತಾ ಹೇಳಿದ್ರಿ. ಬೈಗುಳ ಬಿಟ್ಟು ಉಳಿದದ್ದು ಇಟ್ಟುಕೊಂಡೆ."

ಅಂದರೆ ಮಾತು ನಂದು. ವೆರಿ ಗುಡ್ ಇವಳಿಗೆ.

12 ಜೂನ್, ಬುಧವಾರ

ಇವತ್ತು ಬ್ರೇಜಿಂಗ್, ಅಂದರೆ ತಾಮ್ರದ ಪೈಪಿಗೆ ಪೈಪು ಬೆಂಕಿಯಲ್ಲಿ ಬೆಸೆಯೋದು. ಇದು ನನ್ನ ಕೋಟೆ. ಎಷ್ಟೋ ಜನ ನನ್ನ ಬೆಸುಗೆ ನೋಡಿ ಕಲಿತಿದ್ದಾರೆ. ಇವಳು ಇಷ್ಟು ವರ್ಷ ಪೈಪು ತಣಿಸೋಕೆ ಒದ್ದೆ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತವಳು, ಬೆಂಕಿ ಕಾರೋ ಟಾರ್ಚ್ ಮುಟ್ಟಿದವಳಲ್ಲ.

ಇವತ್ತು ಮುಟ್ಟಿದಳು. ಮೀಸೆ ಅವಳ ಬೆಸುಗೆ ಎತ್ತಿ ಬೆಂಚಿನಿಂದ ಬೆಂಚಿಗೆ ತೋರಿಸಿದ. "ನೋಡಿ, ಬಳೆ ಕೂತ ಹಾಗೆ ಕೂತಿದೆ." ನನ್ನದು ನೋಡಿ, "ಸೋರಲ್ಲ ಯಜಮಾನರೇ, ಗ್ಯಾರಂಟಿ. ಆದರೆ ಮೇಣದಬತ್ತಿ ಕರಗಿದ ಹಾಗಿದೆ" ಅಂದ. ಎಲ್ಲರೂ ನಕ್ಕರು. ಇವಳು ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು.

ಆ ತುಂಡನ್ನು ಮನೆಗೆ ತಂದು ಕಿಟಕಿಯಲ್ಲಿ ಇಟ್ಟಿದ್ದಾಳೆ. ಅವಳು ಸ್ನಾನಕ್ಕೆ ಹೋದಾಗ ಸೋಪು ನೀರು ಮಾಡಿ ಬೆಸುಗೆಗೆ ಸವರಿ, ಒಂದು ತುದಿ ಬೆರಳಲ್ಲಿ ಮುಚ್ಚಿ, ಇನ್ನೊಂದರಿಂದ ಊದಿ ನೋಡಿದೆ. ಒಂದೇ ಒಂದು ಗುಳ್ಳೆ ಬರಲಿ ಅಂತ. ಕಣ್ಣು ಹೊರಗೆ ಬರೋ ಹಾಗೆ ಊದಿದೆ.

ಬರಲಿಲ್ಲ. ಒರೆಸಿ ಅಲ್ಲೇ ಇಟ್ಟೆ.

15 ಜೂನ್, ಶನಿವಾರ. ಮಧ್ಯಾಹ್ನ

ಬೇಕರಿಯಮ್ಮನ ಹೊಸ ಫ್ರಿಜ್ ಕೈಕೊಟ್ಟಿತ್ತು. ಇಬ್ಬರೂ ಹೋದೆವು.

ನಮ್ಮ ಕೆಲಸದ ರೀತಿಯೇ ಹಾಗೆ. ಫ್ರಿಜ್ಜನ್ನು ಗೋಡೆಯಿಂದ ಎಳೆಯೋದು ನಾನು. ಹಿಂದೆ ಬಗ್ಗಿ, ಒಳಗೆ ಯಾವ ಗ್ಯಾಸ್ ಇದೆ ಅಂತ ಸ್ಟಿಕ್ಕರ್ ಓದೋದು ಇವಳು. ಅಕ್ಷರ ಇರುವೆ ಸಾಲಿನ ಹಾಗೆ ಇರುತ್ತೆ, ನನಗೆ ತಾಳ್ಮೆ ಇಲ್ಲ. ಹಳೇ ಗ್ಯಾಸಾದರೆ "ಹಚ್ಚಿ!" ಅಂತ ಕೂಗುತ್ತಾಳೆ. ನಾನು ಟಾರ್ಚ್ ಹಚ್ಚುತ್ತೇನೆ. ಹೊಸ ಥರದ ಗ್ಯಾಸಾದರೆ ಸ್ಟಿಕ್ಕರ್ ಮೇಲೆ ಹಳದಿ ತ್ರಿಕೋನ, ಅದರೊಳಗೆ ಜ್ವಾಲೆ. ಅದು ಅಡುಗೆ ಗ್ಯಾಸಿನ ಒಡಹುಟ್ಟು, ಬೆಂಕಿ ತೋರಿಸಿದರೆ ಮುಗೀತು. ಆಗ "ಬೇಡ!" ಅನ್ನುತ್ತಾಳೆ. ನಾನು ಟಾರ್ಚ್ ಕೆಳಗಿಟ್ಟು, ಕಿಟಕಿ ತೆಗೆದು, ಗ್ಯಾಸನ್ನು ಹೊರಗೆ ಬಿಟ್ಟು, ಬೆಂಕಿ ಬದಲು ಪೈಪು ಕೊಯ್ಯೋ ಕಟರ್ ತಗೋತೀನಿ. ಇಷ್ಟು ವರ್ಷ ಹೀಗೇ ನಡೆದಿದೆ. ಇದರಲ್ಲಿ ಏನು ದೊಡ್ಡ ವಿದ್ಯೆ?

ಇವತ್ತು "ಬೇಡ!" ಅಂದಳು. ಕೆಲಸ ಮುಗಿಯಿತು. ಬೇಕರಿಯಮ್ಮ ನನ್ನನ್ನು ದಾಟಿ ಇವಳನ್ನು ಕೇಳಿದಳು, "ಇನ್ನು ಚೆನ್ನಾಗಿ ನಡೆಯುತ್ತಾ ಅಕ್ಕಾ?"

"ಇವರನ್ನ ಕೇಳಿ" ಅಂದಳು ಇವಳು.

ಅದು ಇನ್ನೂ ಚುಚ್ಚಿತು. ಬೇರೆಯವರು ಮರೆತರೆ ಮರೆಯಲಿ. ಇವಳು ನನಗೆ ಜಾಗ ಬಿಟ್ಟುಕೊಡಬೇಕಾ?

24 ಜೂನ್, ಸೋಮವಾರ

ಒಲೆಯ ಮೇಲಿನ ಗೋಡೆಗೆ ಚೀಟಿ ಅಂಟಿಸಿದ್ದಾಳೆ. ಸೌಟು ತಿರುವುತ್ತಾ ಗ್ಯಾಸಿನ ನಂಬರ್ ಬಾಯಿಪಾಠ. ಉಪ್ಪು ಸರಿಯಾಗೇ ಇದೆ. ಅದೂ ಒಂದು ಸಿಟ್ಟು. ಒಂದು ದಿನ ಉಪ್ಪು ಹೆಚ್ಚಾಗಿದ್ದರೆ "ಓದು ಸಾಕು" ಅನ್ನಬಹುದಿತ್ತು.

ಫೋನ್ ಬಂತು. ಮೀಸೆ. "ಮೇಡಂ ಇದ್ದಾರಾ?"

ಇವಳು ಎದುರಿಗೇ ಪಾತ್ರೆ ಒರೆಸುತ್ತಿದ್ದಳು.

"ಇಲ್ಲ" ಅಂದೆ. ಇಟ್ಟೆ.

ಇವಳು ತಲೆ ಎತ್ತಲಿಲ್ಲ. ತಟ್ಟೆ ಒರೆಸುತ್ತಲೇ ಕೇಳಿದಳು, "ಹೊಟ್ಟೆ ಉರೀತಾ ಇದೆಯಾ?"

"ಗ್ಯಾಸ್ಟ್ರಿಕ್" ಅಂದೆ.

"ಹೌದಾ... ಮಜ್ಜಿಗೆ ಕೊಡ್ಲಾ?"

ಕುಡಿದೆ. ಏನು ಮಾಡೋದು.

6 ಜುಲೈ, ಶನಿವಾರ

ಲಿಖಿತ ಪರೀಕ್ಷೆಯಲ್ಲಿ ಪಾಸು. ಬಾಗಿಲಿನ ಚೌಕಟ್ಟಿಗೆ ತಲೆ ತಾಗಿಸಿಕೊಂಡು ಒಳಗೆ ಹೋದ ಹಾಗೆ, ಆದರೂ ಪಾಸು. ಇವಳ ಅಂಕ ಕೇಳಲಿಲ್ಲ. ಮಗಳೇ ಫೋನ್ ಮಾಡಿ ಹೇಳಿದಳು, "ಅಪ್ಪಾ, ಅಮ್ಮ ಕ್ಲಾಸಿಗೇ ಫಸ್ಟ್ ಅಂತೆ! ಸ್ವೀಟ್ ತಂದ್ರಾ?"

"ಅಂಗಡಿ ಮುಚ್ಚಿತ್ತು" ಅಂದೆ.

"ಮಧ್ಯಾಹ್ನ ಹನ್ನೆರಡು ಗಂಟೆಗಾ?"

ಇರಲಿ. ಮುಂದಿನ ವಾರ ಕೈಕೆಲಸದ ಪರೀಕ್ಷೆ. ಅಲ್ಲಿ ಪೆನ್ನಿಲ್ಲ, ಬಾಯಿಪಾಠ ಇಲ್ಲ. ಅಲ್ಲಿ ಗೊತ್ತಾಗುತ್ತೆ ಯಾರು ಯಾರು ಅಂತ.

13 ಜುಲೈ, ಶನಿವಾರ

ಫೇಲು.

14 ಜುಲೈ

ಬರೆಯಲ್ಲ.

17 ಜುಲೈ, ಬುಧವಾರ. ಬೆಳಿಗ್ಗೆ

ಬರೆದೇಬಿಡುತ್ತೇನೆ, ಒಳಗೆ ಇಟ್ಟುಕೊಂಡರೆ ಕೊಳೆಯುತ್ತೆ.

ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಒಂದು ಫ್ರಿಜ್, ಒಬ್ಬ ಪರೀಕ್ಷಕ. ಕಂಪ್ರೆಸರ್ ಬದಲಾಯಿಸಿ ಅಂದ. ಇದೇನಾ ಅಂತ ನಗು ಬಂತು. ಫ್ರಿಜ್ ಎಳೆದೆ. ಟಾರ್ಚ್ ತಗೊಂಡೆ. ಒಂದು ಗಳಿಗೆ ಹಾಗೇ ನಿಂತೆ. ಯಾಕೆ ನಿಂತೆ ಅಂತ ಆಗ ತಿಳಿಯಲಿಲ್ಲ. ಹಚ್ಚಿದೆ.

ಪರೀಕ್ಷಕ ಹಾರಿ ಬಂದು ಟಾರ್ಚಿನ ವಾಲ್ವ್ ಮುಚ್ಚಿದ. "ಏನ್ ಮಾಡ್ತಿದ್ದೀರಿ! ಸ್ಟಿಕ್ಕರ್ ನೋಡಿದ್ರಾ?"

ನೋಡಿದೆ, ಆಮೇಲೆ. ಹಳದಿ ತ್ರಿಕೋನ. ಪರೀಕ್ಷೆಯ ಫ್ರಿಜ್ ಆದ್ದರಿಂದ ಒಳಗೆ ತುಂಬಿದ್ದು ಉರಿಯದ ಗ್ಯಾಸು, ಬದುಕಿದೆವು. ನಿಜವಾದ ಮನೆಯಲ್ಲಾಗಿದ್ದರೆ ಅಡುಗೆಮನೆ ಹಾರಿಹೋಗುತ್ತಿತ್ತು ಅಂದ. ಆರು ತಿಂಗಳು ಬಿಟ್ಟು ಮತ್ತೆ ಬನ್ನಿ ಅಂದ. ಆಗಸ್ಟ್‌ನಿಂದ ಅಲ್ಲಿಯವರೆಗೆ ಕಾರ್ಡ್ ಇರುವವರ ಕೈಕೆಳಗೆ ಸಹಾಯಕನಾಗಿ ಮಾತ್ರ ಕೆಲಸ ಮಾಡಬಹುದಂತೆ, ಅವರು ಸಹಿ ಹಾಕಿದರೆ.

ಕಾರಿಡಾರಿನಲ್ಲಿ ಇವಳು ಕೂತಿದ್ದಳು. ಮುಖ ನೋಡಿದರೆ ಗೊತ್ತಾಗಬಾರದು ಅಂತ ಮುಖವನ್ನು ಹೇಗೋ ಹಿಡಿದುಕೊಂಡಿದ್ದಳು. ಪಾಸಾದವರೇ ಹಾಗೆ ಹಿಡಿದುಕೊಳ್ಳೋದು.

20 ಜುಲೈ, ಶನಿವಾರ. ಸಂಜೆ

ಕಾರ್ಡ್ ಬಂತು. ಫೋಟೋದಲ್ಲಿ ಇವಳು ಯಾರನ್ನೋ ಗದರಿಸುವ ಹಾಗೆ ನೋಡುತ್ತಿದ್ದಾಳೆ. ನನ್ನನ್ನೇ ಇರಬೇಕು.

ಕಾರ್ಡಿನ ಹಿಂದೆಯೇ ಮೀಸೆ ಬಂದ, ಮನೆಗೇ. ಕುರ್ಚಿಯ ತುದಿಯಲ್ಲಿ ಕೂತು ಅಂದ: ನಾವು ಕಲಿತ ಕಡೆಯಲ್ಲ, ದೊಡ್ಡ ಟ್ರೈನಿಂಗ್ ಸೆಂಟರಿನಲ್ಲಿ ಸಹಾಯಕ ಶಿಕ್ಷಕರು ಬೇಕು, ಕೈಕೆಲಸ ಕಲಿಸೋಕೆ, ವಾರವಿಡೀ. "ಮೇಡಂ ಥರ ಹೇಳಿಕೊಡೋರು ಸಿಗಲ್ಲ ಯಜಮಾನರೇ. ಮೂವತ್ತೊಂದನೇ ತಾರೀಕಿನೊಳಗೆ ಹೇಳಿದರೆ ಸಾಕು."

ನನಗೆ ಯಾಕೆ ಹೇಳ್ತಾನೆ? ಅವಳಿಗೆ ಹೇಳಲಿ.

"ಯೋಚನೆ ಮಾಡಿ ಹೇಳ್ತೀನಿ ಸರ್" ಅಂದಳು. ಸರ್ ಅಂತೆ. ನಮ್ಮ ಮಗಳ ವಯಸ್ಸಿನವನಿಗೆ.

ಅವನು ಹೋದ ಮೇಲೆ ಚಹಾ ಲೋಟ ತೊಳೆಯುತ್ತಾ ನಿಂತಿದ್ದಳು. ಒಂದೇ ಲೋಟ. ಎಷ್ಟು ಹೊತ್ತು ತೊಳೆಯೋದು?

"ಹೋಗು" ಅಂದೆ. "ಯಾರು ಹಿಡ್ಕೊಂಡಿದ್ದಾರೆ?"

"ಯಾರೂ ಹಿಡ್ಕೊಂಡಿಲ್ಲ. ಅದೇ ನೋಡ್ತಿದ್ದೀನಿ."

"ಏನು ನೋಡ್ತಿದ್ದೀಯ?"

"ಹಿಡ್ಕೋತೀರೇನೋ ಅಂತ."

ಅಂಗಡಿಗೆ ಹೋಗುತ್ತೇನೆ ಅಂತ ಚಪ್ಪಲಿ ಮೆಟ್ಟಿದೆ. ಬೀಗದ ಕೈ ಮನೆಯಲ್ಲೇ ಬಿಟ್ಟಿದ್ದೆ. ಮುಚ್ಚಿದ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು ವಾಪಸ್ ಬಂದೆ. ಬೀಗದ ಕೈ ಮೇಜಿನ ಮೇಲೆ, ಕಣ್ಣಿಗೆ ಬೀಳುವ ಹಾಗೆ ಇತ್ತು.

24 ಜುಲೈ, ಬುಧವಾರ

ಇವಳು ಸೆಂಟರ್ ನೋಡಿ ಬರಲು ಹೋಗಿದ್ದಳು. ಇಸ್ತ್ರಿ ಮಾಡಿದ ಬಟ್ಟೆ. ಟೂಲ್ ಪೆಟ್ಟಿಗೆ ಹೊರುವಾಗ ಇಸ್ತ್ರಿ ಯಾವತ್ತಾದರೂ ನೆನಪಾಗಿತ್ತಾ?

ಔಷಧಿ ಅಂಗಡಿಯವನ ಫ್ರಿಜ್‌ಗೆ ನಾನೊಬ್ಬನೇ ಹೋದೆ. ಎಳೆದೆ. ಟಾರ್ಚ್ ಒಂದು ಕೈಯಲ್ಲಿ, ಲೈಟರ್ ಇನ್ನೊಂದರಲ್ಲಿ. ನಿಂತೆ.

ಸುಮ್ಮನೆ ನಿಂತೇ ಇದ್ದೆ. ಔಷಧಿ ಅಂಗಡಿಯವನು, "ಏನಾದರೂ ಬೇಕಾ?" ಅಂದ.

ಆಗ ಹೊಳೆಯಿತು. ಕಾಯುತ್ತಿದ್ದೆ. ಹಿಂದಿನಿಂದ "ಹಚ್ಚಿ" ಬರಲಿ, ಇಲ್ಲಾ "ಬೇಡ" ಬರಲಿ ಅಂತ. ಪರೀಕ್ಷೆಯಲ್ಲೂ ಹೀಗೇ ನಿಂತದ್ದು. ಅಲ್ಲಿ ಬೇಡ ಅಂತ ಯಾರೂ ಕೂಗಲಿಲ್ಲ, ಅದಕ್ಕೇ ಹಚ್ಚಿದೆ. ಕೈ ಇಷ್ಟು ವರ್ಷ ಕಲಿತದ್ದು ಅಷ್ಟೇ. ಸ್ಟಿಕ್ಕರ್ ಓದೋದನ್ನಲ್ಲ, ಇವಳನ್ನು ಕೇಳೋದನ್ನ.

ಲೈಟರ್ ಜೇಬಿಗೆ ಹಾಕಿದೆ. ಮಂಡಿಯೂರಿದೆ. ಕನ್ನಡಕ ಏರಿಸಿ, ಇಳಿಸಿ, ಧೂಳು ಊದಿ ಓದಿದೆ. ಹಳದಿ ತ್ರಿಕೋನ.

"ಬೇಡ" ಅಂತ ನಾನೇ ಹೇಳಿಕೊಂಡೆ. ಬಾಯಿಬಿಟ್ಟು. ಔಷಧಿ ಅಂಗಡಿಯವನು ಎರಡು ಹೆಜ್ಜೆ ಹಿಂದೆ ಸರಿದ.

ಮನೆಗೆ ಬಂದಾಗ ಇವಳು ಇನ್ನೂ ಬಂದಿರಲಿಲ್ಲ. ಬಂದ ಮೇಲೆ ಸೆಂಟರಿನ ಮಾತೇ ಮಾತು. ಅಲ್ಲಿ ಗಾಜಿನ ಫ್ರಿಜ್ ಇದೆಯಂತೆ, ಒಳಗೆ ಗ್ಯಾಸ್ ಹರಿಯೋದು ಕಾಣುತ್ತಂತೆ. ಇವಳ ಕಣ್ಣು ಹಾಗೆ ಹೊಳೆದದ್ದು ನೋಡಿ ಬಹಳ ಕಾಲವಾಗಿತ್ತು. ಒಂದು ಫ್ರಿಜ್ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಇವತ್ತು. ಗಾಜಿನ ಫ್ರಿಜ್ ಮೇಲೆ!

28 ಜುಲೈ, ಭಾನುವಾರ. ಬೆಳಿಗ್ಗೆ

ಬಾಯಲ್ಲಿ ಹೇಳಲು ನೋಡಿದೆ. ನಿನ್ನೆ ಊಟದ ಹೊತ್ತಿಗೆ ಶುರು ಮಾಡಿ, "ಉಪ್ಪು ಕೊಡು" ಅಂದೆ. ಇವತ್ತು ಬೆಳಿಗ್ಗೆ ಶುರು ಮಾಡಿ, ನಲ್ಲಿ ಸೋರುತ್ತಿದೆ ಅಂದೆ. ಸೋರುತ್ತಿರಲಿಲ್ಲ. ಇವಳು ಹೋಗಿ ನೋಡಿ ಬಂದಳು.

ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಇಷ್ಟು ದಿನ ಯಾರಿಗೂ ಅಲ್ಲ ಅಂತ ಬರೆದೆ. ಇದೊಂದು ಪುಟ ನಿನಗೆ. ಟೂಲ್ ಪೆಟ್ಟಿಗೆ ಮೇಲೆ ತೆರೆದಿಡುತ್ತೇನೆ. ಹಿಂದಿನ ಪುಟ ತಿರುವಬೇಡ. ತಿರುವುತ್ತೀಯ, ಗೊತ್ತು.

ನನಗೆ ಕಾರ್ಡಿಲ್ಲ. ನಿನಗಿದೆ. ನಿನ್ನ ಕೈಕೆಳಗೆ ಸಹಾಯಕ ಅಂತ ನನ್ನ ಹೆಸರು ಬರೆದು ಸಹಿ ಹಾಕು. ಅಂಗಡಿ ಬೋರ್ಡಿನಲ್ಲಿ ನಿನ್ನ ಹೆಸರು ಮೇಲೆ ಬರಲಿ. ಒದ್ದೆ ಬಟ್ಟೆ ನಾನು ಹಿಡಿಯುತ್ತೇನೆ. ಸ್ಟಿಕ್ಕರ್ ನಾನೇ ಬಗ್ಗಿ ಓದುತ್ತೇನೆ, ಮಂಡಿ ನೋಯಲಿ. ಆದರೆ ಹಚ್ಚಿ, ಬೇಡ ಅನ್ನೋದು ಮಾತ್ರ ನೀನೇ ಹೇಳಬೇಕು. ನಾನು ಹೇಳಿಕೊಂಡರೆ ಸರಿಹೋಗಲ್ಲ, ಹೇಳಿ ನೋಡಿದ್ದೇನೆ.

ಸೆಂಟರಿಗೆ ಹೋಗುವುದಾದರೆ ಹೋಗು. ಅಲ್ಲಿ ನೀನು ಚೆನ್ನಾಗಿ ಹೇಳಿಕೊಡುತ್ತೀಯ. ಇದನ್ನು ಬರೆಯಲು ಎಷ್ಟು ಕಷ್ಟ ಆಯಿತು ಅಂತ ಆ ಮೀಸೆಗೆ ಗೊತ್ತಾಗದಿರಲಿ. ಎರಡೂ ಮಾಡುತ್ತೀನಿ ಅಂದರೆ ಅದಕ್ಕೂ ಸರಿ. ಸುಮ್ಮನೆ ಲೋಟ ತೊಳೆಯುತ್ತಾ ನಿಲ್ಲಬೇಡ, ಅಷ್ಟೇ.

ಅವನಿಗೆ ಮೂವತ್ತೊಂದರೊಳಗೆ ಹೇಳುತ್ತೀಯಂತೆ. ನನಗೆ ಮೂವತ್ತಕ್ಕೇ ಬೇಕು. ಅವನಿಗಿಂತ ಮೊದಲು. ನನ್ನ ಹೆಸರಿಗೆ ಸಹಿ ಹಾಕೋದಕ್ಕೆ ಹೂಂ ಅಥವಾ ಊಹೂಂ. ಮೂವತ್ತನೇ ತಾರೀಕಿನೊಳಗೆ ಹೇಳು.