ಸೊಸೆಗೆ ಇಂಗ್ಲಿಷಿನಲ್ಲಿ ಆರ್ಡರ್ ಮಾಡಿದ ಅತ್ತೆಗೆ

ಅತ್ತೆ,

ಮುಗೀತು. ಫೈನಲ್ ಲೆಸನ್ ಮುಗೀತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು "ಸುತ್ತಿ ಬಳಸಿ ಮಾತಾಡ್ಬೇಡ ಕಣೇ, ತಲೆನೋವು ಬರುತ್ತೆ" ಅಂತ ಶುರು ಮಾಡುತ್ತೀರಿ. ಹೇಗಾಯ್ತು ಅನ್ನುವುದನ್ನು ಮಾತ್ರ ಈಗಲೇ ಹೇಳುವುದಿಲ್ಲ. ಧಾರಾವಾಹಿ ನೋಡುವಾಗ ಮುಂದೇನಾಗುತ್ತದೆ ಅಂತ ನಾನು ಬಾಯಿ ಬಿಟ್ಟರೆ ಕಣ್ಣು ಕೆಂಪಗೆ ಮಾಡುತ್ತಿದ್ದಿರಲ್ಲ, ಈಗ ನೀವೂ ಸ್ವಲ್ಪ ಕಾಯಿರಿ. ಇವತ್ತು ಭಾನುವಾರ. ನಿಮ್ಮ ಮೊಮ್ಮಗಳು ಚಿನ್ನು ಅಪ್ಪನ ಜೊತೆ ಅಂಗಡಿಗೆ ಹೋಗಿದ್ದಾಳೆ. ಮನೆಯಲ್ಲಿ ನಾನೊಬ್ಬಳೇ, ಒಲೆಯ ಮೇಲೆ ಬೇಳೆ ಇದೆ, ಬರೆಯುವ ಕೈ ನಿಲ್ಲುತ್ತಿಲ್ಲ.

ನನ್ನನ್ನು ಬಿ.ಎಡ್.ಗೆ ಸೇರಿಸಬೇಕು ಅಂತ ನೀವು ಹಟ ಹಿಡಿದ ದಿನ ನೆನಪಿದೆಯಾ? ನಿಮ್ಮ ಮಗ ಅಂಗಡಿಯಿಂದ ಬಂದು, ಮೋಟಾರ್ ವೈಂಡಿಂಗಿನ ವಾರ್ನಿಷ್ ವಾಸನೆ ಹೋಗಲಿ ಅಂತ ಕೈ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. ನೀವು ತಟ್ಟೆ ಇಡುತ್ತಾ, "ಒಂದೇ ಅಡುಗೆಮನೇಲಿ ಇಬ್ರು ಹೆಂಗಸ್ರು ದಿನಪೂರ್ತಿ ಇದ್ರೆ ಒಬ್ರಿಗೆ ಹುಚ್ಚು ಹಿಡಿಯುತ್ತೆ. ನಂಗಂತೂ ಹಿಡಿಯಲ್ಲ. ಇವಳನ್ನ ಕಾಲೇಜಿಗೆ ಕಳ್ಸು" ಅಂದಿರಿ. ಡಿಗ್ರಿ ಮುಗಿಸಿ, ಮದುವೆಯಾಗಿ, ಹತ್ತು ವರ್ಷ ಸೌಟು ಹಿಡಿದವಳಿಗೆ ಇಂಗ್ಲಿಷ್ ಟೀಚರ್ ಆಗುವ ಆಸೆ ಇದೆ ಅಂತ ನಿಮಗೆ ಯಾರು ಹೇಳಿದ್ದರು? ನಾನಂತೂ ಹೇಳಿರಲಿಲ್ಲ. ಅಂತೂ ಭದ್ರಾವತಿಯಿಂದ ಶಿವಮೊಗ್ಗದ ಬಸ್ಸು ಹತ್ತಿ, ಸವಳಂಗ ರಸ್ತೆಯ ಕಾಲೇಜಿಗೆ ಹೋಗಿ, ನನಗಿಂತ ಎಷ್ಟೋ ಚಿಕ್ಕ ಹುಡುಗಿಯರ ನಡುವೆ ಕೂತೆ. ಮೊದಲ ದಿನ ಅವರು ನನ್ನನ್ನೇ ಲೆಕ್ಚರರ್ ಅಂದುಕೊಂಡು ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಅಂದರು ಅಂತ ಬಂದು ಹೇಳಿದಾಗ ನೀವು ನಕ್ಕು ನಕ್ಕು ಗೋಡೆಗೆ ಒರಗಿದಿರಿ. ರಾತ್ರಿ ಊಟಕ್ಕೆ ಕೂತಾಗಲೂ ನಕ್ಕಿರಿ.

ಆಮೇಲೆ ಅವರೆಕಾಯಿ ಕಾಲದ ಆ ಸಂಜೆ. ನಮ್ಮ ಇಂಗ್ಲಿಷ್ ಲೆಕ್ಚರರ್ ಒಂದು ಕಟ್ಟಪ್ಪಣೆ ಮಾಡಿದ್ದರು. ಇಂಗ್ಲಿಷ್ ಪಾಠ ಮಾಡುವಾಗ ಬಾಯಿಂದ ಒಂದು ಕನ್ನಡ ಪದವೂ ಬೀಳಕೂಡದು. ಅಭ್ಯಾಸಕ್ಕೆ ಅಂತ ಗೆಳತಿಯರೇ ಮಕ್ಕಳಾಗಿ ಕೂರುತ್ತಿದ್ದರು. ಎಲ್ಲ ಗೊತ್ತಿದ್ದೂ ಏನೂ ಗೊತ್ತಿಲ್ಲದವರ ಹಾಗೆ ಬಾಯಿ ಬಿಡುವ ಮಕ್ಕಳು. ಅವರಿಗೆ ಕಲಿಸಿ ನನಗೇನು ಗೊತ್ತಾಗಬೇಕು? ನೀವು ಅವರೆಕಾಯಿ ಸುಲಿಯುತ್ತಾ ಎಲ್ಲ ಕೇಳಿಸಿಕೊಂಡು, "ನಂಗೆ ನಿಜವಾಗ್ಲೂ ಬರಲ್ಲ ಮಾರಾಯ್ತಿ. ನನ್ನೆದುರಿಗೆ ಮಾಡು. ನಟನೆ ಮಾಡೋ ಕಷ್ಟ ತಪ್ಪುತ್ತೆ" ಅಂದಿರಿ. ನಾನು ಒಂದು ಕಾಯಿ ಎತ್ತಿ ಹಿಡಿದು "ದಿಸ್ ಈಸ್ ಎ ಬೀನ್" ಅಂದೆ. ನೀವು ನನ್ನನ್ನೂ ಕಾಯಿಯನ್ನೂ ನೋಡಿ, "ಅದು ಏನು ಅಂತ ನಂಗೆ ಗೊತ್ತು. ಮುಂದೆ?" ಅಂದಿರಿ. ಮುಂದೆ ಏನು ಅಂತ ನನ್ನ ಲೆಸನ್ ಪ್ಲಾನಿನಲ್ಲಿ ಇರಲಿಲ್ಲ.

ಮಾರನೆಯ ದಿನ ಬೇರೆ ದಾರಿ ಹಿಡಿದೆ. ಕನ್ನಡ ಬಳಸದೆ ಕಲಿಸಬೇಕಾದರೆ ಮಾಡಿ ತೋರಿಸಬೇಕು ಅಂತ "ಸಿಟ್" ಅಂದು ಕೂತೆ, "ಸ್ಟ್ಯಾಂಡ್" ಅಂದು ನಿಂತೆ, ನಿಮ್ಮನ್ನೂ ಕೂರಿಸಿದೆ, ನಿಲ್ಲಿಸಿದೆ. ಎರಡು ಸಲ ಎದ್ದು ಕೂತ ಮೇಲೆ ನಿಮ್ಮ ಮಂಡಿ ನೋವೂ ಸಿಟ್ಟೂ ಒಟ್ಟಿಗೇ ಎದ್ದವು. "ಸೊಸೆ ಹೇಳೋದು, ಅತ್ತೆ ಕುಣಿಯೋದು, ಇದು ಯಾವೂರು ನ್ಯಾಯನೇ? ಇನ್ಮೇಲೆ ನಾನ್ ಹೇಳ್ತೀನಿ, ನೀನ್ ಮಾಡು." ಅಲ್ಲಿಂದ ನೋಡಿ ನಿಮ್ಮ ಇಂಗ್ಲಿಷಿಗೆ ರೆಕ್ಕೆ ಬಂದಿದ್ದು. "ಸಿಟ್." "ಸ್ಟ್ಯಾಂಡ್." "ಬ್ರಿಂಗ್ ವಾಟರ್." ನಾನು ತಣ್ಣೀರು ತಂದರೆ, "ನಾಟ್ ದಿಸ್. ಹಾಟ್." ಬೇಕಾದ ಪದ ಗೊತ್ತಿಲ್ಲದಿದ್ದರೆ ಕೇಳಿ ಕೇಳಿ ಕಲಿತಿರಿ. ತುರಿಮಣೆಗೆ, ಚಕ್ಕುಲಿ ಒರಳಿಗೆ ಇಂಗ್ಲಿಷ್ ಕೇಳಿದಾಗ ನಾನು ಪೇಚಿಗೆ ಬಿದ್ದೆ. "ಬಿ.ಎಡ್. ಓದ್ತಾಳಂತೆ" ಅಂತ ಹಂಗಿಸಿದಿರಿ. ಸೊಸೆಗೆ ಹುಕುಂ ಮಾಡುವ ಸುಖ ಸಿಕ್ಕರೆ ಯಾವ ಭಾಷೆಯಾದರೂ ಬರುತ್ತದೆ ಅಂತ ಆಗ ನನಗೆ ಗೊತ್ತಾಯಿತು. ಆದರೆ ಅದು ಮನೆಯ ಆಟ ಅಂದುಕೊಂಡಿದ್ದೆ. ಶಾಲೆಗೆ ತೆಗೆದುಕೊಂಡು ಹೋಗುವ ಧೈರ್ಯ ಇರಲಿಲ್ಲ.

ಶಾಲೆಯಲ್ಲಿ ಅಭ್ಯಾಸ ಪಾಠ ಶುರುವಾದಾಗ ನಾನು ಸಪ್ಪೆ ಮುಖ ಹಾಕಿಕೊಂಡು ಬರುತ್ತಿದ್ದೆನಲ್ಲ, ಕಾರಣ ಕೇಳಿದ್ದಿರಿ. ಇಲ್ಲೇ ನಮ್ಮ ಭದ್ರಾವತಿಯ ಸರ್ಕಾರಿ ಹೈಸ್ಕೂಲು, ಎಂಟನೇ ಕ್ಲಾಸು. ಮನೆಯಲ್ಲಿ ತಮಿಳು ಮಾತಾಡುವ ಮಕ್ಕಳು, ತೆಲುಗು ಮಾತಾಡುವವರು, ಉರ್ದು ಮಾತಾಡುವವರು, ಬೀದಿಯಲ್ಲಿ ಎಲ್ಲರೂ ಸೇರಿ ಕನ್ನಡ. ಮೂರು ಭಾಷೆಯಲ್ಲಿ ಜಗಳ ಆಡಬಲ್ಲ ಮಕ್ಕಳು ಇಂಗ್ಲಿಷ್ ಪೀರಿಯಡ್ ಬಂತು ಅಂದರೆ ತುಟಿ ಹೊಲಿದುಕೊಂಡು ಕೂರುತ್ತಿದ್ದರು. "ಅಂಡರ್‌ಸ್ಟ್ಯಾಂಡ್?" ಅಂದರೆ "ಯೆಸ್ ಮಿಸ್." ಅಷ್ಟೇ. ಲೆಕ್ಚರರ್ ಹಿಂದೆ ಕೂತು ನೋಡಿ, "ನೀವು ಪೀರಿಯಡ್ ಪೂರ್ತಿ ಮಾತಾಡಿದ್ರಿ ಶೈಲಾ. ಮಕ್ಕಳು ಯಾವಾಗ ಮಾತಾಡೋದು?" ಅಂದರು. ಪ್ರತಿ ಸಲವೂ ಅದನ್ನೇ ಅಂದರು. ನಾನು ನಿಮಗೆ ಹೇಳಿ ಅತ್ತಾಗ ನೀವು ಸಮಾಧಾನವನ್ನೇ ಮಾಡಲಿಲ್ಲ. "ಅವ್ರ್ ಹೇಳಿದ್ದು ಸರಿ ಇದೆ. ಎದ್ದು ಮುಖ ತೊಳ್ಕೊ" ಅಂದಿರಿ.

ಶ್ರಾವಣದ ಆ ಬೆಳಿಗ್ಗೆ ಹೂವು ಕೊಯ್ಯಲು ಹೋದವರು ನಡೆದು ಒಳಗೆ ಬರಲಿಲ್ಲ. ಆಸ್ಪತ್ರೆಯ ಬಾಗಿಲು ತಲುಪುವಷ್ಟರಲ್ಲಿ... ಬೇಡ, ಬರೆಯುವುದಿಲ್ಲ. ನನಗೆ ನಿಮ್ಮ ಮೇಲೆ ಇನ್ನೂ ಸಿಟ್ಟಿದೆ ಅತ್ತೆ. ಒಂದು ಮಾತು ಹೇಳಿ ಹೋಗಬಾರದಿತ್ತಾ?

ನಿಮ್ಮ ಶಿವಗಣಾರಾಧನೆ ಮುಗಿದ ಮಾರನೆಯ ದಿನ ಹೊಳೆಹೊನ್ನೂರಿನಿಂದ ಬಂದಿದ್ದ ನಿಮ್ಮ ಮಗಳು, ಗಿರಿಜತ್ತಿಗೆ, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. "ಅಮ್ಮ ಇದ್ರು, ನೀನು ಓದಿದೆ, ಸರಿ. ಈಗ ಮಗು ಸ್ಕೂಲಿಂದ ಬಂದ್ರೆ ಬಾಗಿಲಲ್ಲಿ ಬೀಗ ಕಾಣುತ್ತೆ. ಸಾಕು ಮಾಡು." ಅವರು ಕೆಟ್ಟದ್ದಕ್ಕೆ ಹೇಳಲಿಲ್ಲ, ನನಗೂ ಗೊತ್ತು. ನಿಮ್ಮ ಮಗ ಅಕ್ಕನ ಮುಖ, ಹೆಂಡತಿಯ ಮುಖ ಎರಡೂ ನೋಡಿದರು. ಕೊನೆಗೆ ಅವರೇ ಒಂದು ರಾಜಿ ಮಾಡಿದರು. ಫೈನಲ್ ಲೆಸನ್ ಒಂದು ಕೊಡಲಿ, ಅದು ಚೆನ್ನಾಗಿ ಆದರೆ ಕೆಲಸಕ್ಕೆ ಹೋಗಲಿ, ಆಗದಿದ್ದರೆ ಈ ಟೀಚರ್ ಮಾತು ಮನೆಯಲ್ಲಿ ಮತ್ತೆ ಎತ್ತುವುದು ಬೇಡ ಅಂತ. ನಾನು ಒಪ್ಪಿಕೊಂಡೆ. ನೀವಿದ್ದಿದ್ದರೆ ಮೂವರಿಗೂ ಬೈಯುತ್ತಿದ್ದಿರಿ. ನೀವಿರಲಿಲ್ಲ.

ಕಳೆದ ವಾರ ಆ ದಿನ ಬಂತು. ಇಲ್ಲೊಂದು ಗುಟ್ಟು ಹೇಳಬೇಕು. ಫೈನಲ್ ಲೆಸನ್ ಅಂದರೆ ಹೊರಗಿನಿಂದ ಪರೀಕ್ಷಕರು ಬಂದು ಕ್ಲಾಸಿನ ಹಿಂದೆ ಕೂರುತ್ತಾರೆ. ಅದಕ್ಕೇ ಅದೇ ಪಾಠವನ್ನು ಅದೇ ಮಕ್ಕಳಿಗೆ ಹಿಂದಿನ ದಿನವೇ ಒಂದು ಸಲ ಮಾಡಿಬಿಡುವುದು ನಮ್ಮ ಬಿ.ಎಡ್. ಮಂದಿಯ ಪದ್ಧತಿ. ಉತ್ತರ ಗೊತ್ತಿದ್ದವರು ಬಲಗೈ ಎತ್ತಬೇಕು, ಗೊತ್ತಿಲ್ಲದವರು ಎಡಗೈ ಎತ್ತಬೇಕು. ಹಿಂದೆ ಕೂತವರಿಗೆ ಇಡೀ ಕ್ಲಾಸು ಜಾಣರ ದಂಡಿನ ಹಾಗೆ ಕಾಣುತ್ತದೆ. ಎಲ್ಲರೂ ಮಾಡುತ್ತಾರೆ. ನಾನು ಭಯಕ್ಕೆ ಒಂದಲ್ಲ, ಎರಡು ದಿನ ಮಾಡಿದೆ. ಚೆನ್ನಾಗಿ ಹೇಳಿದರೆ ಎಲ್ಲರಿಗೂ ಚಾಕೊಲೇಟ್ ಅಂತಲೂ ಅಂದೆ. ಅಲ್ಲೇ ಕೆಟ್ಟಿದ್ದು.

ಕ್ಲಾಸಿಗೆ ಹೋದಾಗ ಸಂತೆಯ ಚಿತ್ರದ ಚಾರ್ಟು ಸುರುಳಿಯಾಗಿ ನನ್ನ ಕಂಕುಳಲ್ಲೇ ಇತ್ತು. ಅದನ್ನು ಬಿಡಿಸಿ, ಗೋಡೆಗೆ ಹಾಕಿ, ಈ ಚಿತ್ರದಲ್ಲಿ ಏನು ಕಾಣುತ್ತದೆ ಅಂತ ಕೇಳಬೇಕಿತ್ತು. ನಾನು "ವಾಟ್" ಅಂದೆ, ಅಷ್ಟೇ. ಇಡೀ ಕ್ಲಾಸು ಒಂದೇ ಉಸಿರಿಗೆ "ಎ ಮಾರ್ಕೆಟ್, ಮಿಸ್" ಅಂತ ಕೂಗಿತು. ಸುತ್ತಿಟ್ಟ ಚಾರ್ಟಿನೊಳಗೆ ಸಂತೆ ಇರುವುದು ಇವರಿಗೆ ಹೇಗೆ ಕಂಡಿತು? ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಬೆಂಚಿನವರು ಎರಡನೇ ಪ್ರಶ್ನೆಯ ಉತ್ತರ ಹೇಳಿದರು, ಹಿಂದಿನ ಬೆಂಚಿನವರು ನಾಲ್ಕನೆಯದನ್ನು ಹೇಳಿದರು. ಯಾರದು ಎಡಗೈ, ಯಾರದು ಬಲಗೈ, ಎಲ್ಲ ಕಲಸುಮೇಲೋಗರ. ಕೆಲವರು ಎರಡೂ ಕೈ ಎತ್ತಿದ್ದರು. ಪರೀಕ್ಷಕರು ಪೆನ್ನಿಗೆ ಕ್ಯಾಪು ಹಾಕಿ ಡೆಸ್ಕಿನ ಮೇಲಿಟ್ಟರು.

ಮುಗೀತು ಶೈಲಾ, ಮನೆಗೆ ನಡಿ ಅಂದುಕೊಂಡೆ. ಆ ಹೊತ್ತಿಗೆ ಏನಾಯಿತೋ ಗೊತ್ತಿಲ್ಲ ಅತ್ತೆ, ಚಾರ್ಟನ್ನು ಬಿಚ್ಚದೆ ಮೂಲೆಗೆ ಇಟ್ಟೆ. ಸೆರಗು ಸಿಕ್ಕಿಸಿಕೊಂಡೆ. "ಟುಡೇ ಐ ಯಾಮ್ ದ ಸ್ಟೂಡೆಂಟ್. ಯೂ ಟೆಲ್, ಐ ಡೂ" ಅಂದೆ. ಕ್ಲಾಸು ಗಪ್‌ಚುಪ್. ಇದನ್ನು ನಾನು ಹಿಂದಿನ ದಿನ ಹೇಳಿಕೊಟ್ಟಿರಲಿಲ್ಲವಲ್ಲ, ಪಾಪ, ಅವರಿಗೂ ದಿಕ್ಕು ತೋಚಲಿಲ್ಲ. ಆಮೇಲೆ ಕಿಟಕಿ ಪಕ್ಕದ ಒಬ್ಬ ಹುಡುಗಿ, ಹೆಸರು ನಸ್ರೀನ್, ಮೆಲ್ಲಗೆ "ಮಿಸ್, ಸಿಟ್?" ಅಂದಳು. ನಾನು ಇಸ್ತ್ರಿ ಮಾಡಿದ ಕಾಟನ್ ಸೀರೆಯಲ್ಲಿ ಧೂಳು ನೆಲದ ಮೇಲೆ ಕೂತೆ.

ಆ ನಗು ನೀವು ಕೇಳಬೇಕಿತ್ತು. "ಮಿಸ್, ಸ್ಟ್ಯಾಂಡ್." "ಮಿಸ್, ಓಪನ್ ದ ವಿಂಡೋ." "ಗೋ ಟು ದ ಡೋರ್. ನೋ ಮಿಸ್, ಜಂಪ್ ಅಂಡ್ ಗೋ." ಈ ವಯಸ್ಸಲ್ಲಿ ನಾನು ಸೀರೆ ಎತ್ತಿ ಹಿಡಿದು ಕುಪ್ಪಳಿಸಿಕೊಂಡು ಬಾಗಿಲಿಗೆ ಹೋದೆ. ಮುರುಗನ್ ಅಂತ ಒಬ್ಬ ಹುಡುಗ "ಮಿಸ್, ಡ್ರಿಂಕ್ ದ ಚಾಕ್‌ಪೀಸ್" ಅಂದ. ನಾನು ಚಾಕ್‌ಪೀಸನ್ನು ಲೋಟದ ಹಾಗೆ ಎತ್ತಿ ಕುಡಿಯಲು ಹೋದರೆ ಕ್ಲಾಸೇ ಅವನ ಮೇಲೆ ಬಿತ್ತು, "ಲೋ, ಈಟ್ ಕಣೋ, ಈಟ್" ಅಂತ. ನಾನು ತಿದ್ದಲಿಲ್ಲ, ಅವರೇ ತಿದ್ದಿಕೊಂಡರು. ಇಷ್ಟು ದಿನ ತುಟಿ ಹೊಲಿದುಕೊಂಡು ಕೂತಿದ್ದ ಮಕ್ಕಳು ಇವರೇನಾ? ಒಬ್ಬರ ಮಾತು ಮುಗಿಯುವ ಮೊದಲು ಇನ್ನೊಬ್ಬರು ಎದ್ದು ನಿಲ್ಲುತ್ತಿದ್ದರು. ನನಗೆ ಏದುಸಿರು ಹತ್ತಿತ್ತು, ಬೆವರು ಇಳಿಯುತ್ತಿತ್ತು, ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ಅಷ್ಟರಲ್ಲಿ ನಸ್ರೀನ್ ಮತ್ತೆ ಎದ್ದಳು. ಈ ಸಲ ಸ್ಪಷ್ಟವಾಗಿ, ಇಡೀ ಕ್ಲಾಸಿಗೆ ಕೇಳುವ ಹಾಗೆ, "ಮಿಸ್, ಗಿವ್ ಚಾಕೊಲೇಟ್. ಎಸ್ಟರ್ಡೇ ಯೂ ಪ್ರಾಮಿಸ್" ಅಂದಳು. ನನ್ನ ಗುಟ್ಟೆಲ್ಲ ಇಂಗ್ಲಿಷಿನಲ್ಲಿ ರಟ್ಟಾಯಿತು. ಹಿಂದಿನಿಂದ ಒಂದು ನಗು ಕೇಳಿಸಿತು. ನೋಡಿದರೆ ಪರೀಕ್ಷಕರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಪಾಠ ಮುಗಿದ ಮೇಲೆ ಸ್ಟಾಫ್‌ರೂಮಿಗೆ ಕರೆದರು. ನಾನು ತಲೆ ತಗ್ಗಿಸಿ ನಿಂತೆ. "ನಿನ್ನೆನೇ ಪಾಠ ಮಾಡಿದ್ರಿ ಅಂತ ಮಕ್ಕಳೇ ಹೇಳಿದ್ರು ಬಿಡಿ. ನಾನೂ ಬಿ.ಎಡ್. ಮಾಡಿದೋನೇ ಅಮ್ಮ" ಅಂದರು. "ಆದ್ರೆ ಆ ಹುಡುಗಿ ಚಾಕೊಲೇಟ್ ಕೇಳಿದ್ಲಲ್ಲ, ಅದನ್ನ ನೀವು ಹೇಳ್ಕೊಟ್ಟಿರ್ಲಿಲ್ಲ. ಅವಳಿಗೆ ಬೇಕಿತ್ತು, ಕೇಳಿದ್ಲು. ಅದಕ್ಕೇ ತಾನೆ ನಾವು ಭಾಷೆ ಕಲಿಸೋದು? ಒಳ್ಳೆ ಮಾರ್ಕ್ಸ್ ಹಾಕಿದೀನಿ, ಆ ಎಡಗೈ ಬಲಗೈ ಆಟ ಮಾತ್ರ ಬಿಟ್ಬಿಡಿ." ಆಮೇಲೆ, ಈ ವಿಧಾನ ಯಾವ ಪುಸ್ತಕದಲ್ಲಿ ಸಿಕ್ಕಿತು ಅಂತ ಕೇಳಿದರು. ನಮ್ಮ ಅತ್ತೆಯಿಂದ ಸರ್, ಅಂದೆ. "ಅವ್ರೂ ಇಂಗ್ಲಿಷ್ ಟೀಚರಾ?" ಅಂದರು. ಅಲ್ಲ ಸರ್, ಸ್ಟೂಡೆಂಟ್ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಹೊರಗೆ ಬಂದರೆ ಹೆಡ್‌ಮಿಸ್ ಕಾಯುತ್ತಿದ್ದರು. ಜೂನಿನಿಂದ ಅತಿಥಿ ಶಿಕ್ಷಕಿಯಾಗಿ ಬರುತ್ತೀಯಾ, ಅರ್ಜಿ ಹಾಕು ಅಂದರು. ನಾನು ಮೊದಲು ಬೇಕರಿಗೆ ಓಡಿ ಚಾಕೊಲೇಟ್ ತಂದೆ.

ನಿನ್ನೆ ಗಿರಿಜತ್ತಿಗೆ ಬಂದಿದ್ದರು. ಎದುರಿಗೆ ಕೂರಿಸಿಕೊಂಡು ಎಲ್ಲ ಹೇಳಿದೆ. ನೀವು ಬಿಸಿನೀರು ಕೇಳಿದ್ದು, ತುರಿಮಣೆಗೆ ಇಂಗ್ಲಿಷ್ ಕೇಳಿದ್ದು, ಎಲ್ಲ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. "ನಮ್ಮಮ್ಮ? ಇಂಗ್ಲಿಷಾ?" ಅಂತ ಎರಡೆರಡು ಸಲ ಕೇಳಿದರು. ಆಮೇಲೆ, "ಅಮ್ಮ ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟಿದ್ದು ಯಾಕೆ ಗೊತ್ತಾ ನಿಂಗೆ? ಇಂಗ್ಲಿಷಲ್ಲಿ ಫೇಲ್ ಆಗಿದ್ರು. ಇನ್ನೊಂದ್ ವರ್ಷ ಚಿಕ್ಕೋರ್ ಜೊತೆ ಅದೇ ಕ್ಲಾಸಲ್ಲಿ ಕೂರೋಕೆ ನಾಚ್ಕೆ ಆಗಿ ಹೋಗ್ಲೇ ಇಲ್ವಂತೆ. ನನ್ ಮದುವೆ ಹಿಂದಿನ ದಿನ ಹೇಳಿದ್ರು, ಯಾರ್‍ಗೂ ಹೇಳ್ಬೇಡ ಅಂದ್ರು" ಅಂದರು. ನಾವಿಬ್ಬರೂ ಅತ್ತೆವು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, "ಜೂನಿಂದ ಕೆಲ್ಸಕ್ಕೆ ಹೋಗು. ಮಗು ಸಂಜೆ ಅಪ್ಪನ ಅಂಗಡೀಲಿ ಕೂತ್ಕೊಳ್ಳುತ್ತೆ, ನಾನ್ ಮಾತಾಡ್ತೀನಿ ಅವನ ಹತ್ರ" ಅಂದರು.

ನನಗೆ ಯಾಕೆ ಹೇಳಲಿಲ್ಲ ಅತ್ತೆ? ಸೊಸೆಯ ಎದುರು ಸೋಲಬಾರದು ಅಂತಲಾ? ಸ್ಕೂಲು ಬಿಡಿಸಿದ ಆ ಭಾಷೆಯನ್ನೇ ಎದುರಿಗೆ ಇಟ್ಟುಕೊಂಡು, ನಗುನಗುತ್ತಾ, ನನಗೋಸ್ಕರ ದಿನಾ ಸಂಜೆ ಮತ್ತೆ ಆ ಬೆಂಚಿನ ಮೇಲೆ ಕೂತಿರಾ? ಗೊತ್ತಿದ್ದಿದ್ದರೆ ನಾನು... ಏನು ಮಾಡುತ್ತಿದ್ದೆನೋ. ಏನೋ ಒಂದು ಮಾಡುತ್ತಿದ್ದೆ.

ಜೂನಿನಲ್ಲಿ ನಾನು ಟೀಚರ್ ಆಗುತ್ತೇನೆ. ಆದರೆ ಒಂದು ರಿಸಲ್ಟ್ ಅಲ್ಲಿಯವರೆಗೆ ಕಾಯುವುದು ಬೇಡ, ಆಗಲೇ ತುಂಬಾ ತಡವಾಗಿದೆ. ಕಲಿಸಿದವಳು ನಾನು, ಕೇಳಿದವಳು ನಾನು, ನೀವು ಹೇಳಿದ್ದಕ್ಕೆಲ್ಲ ಎದ್ದು ಕೂತವಳೂ ನಾನೇ. ಆದ್ದರಿಂದ ಹೇಳುವ ಹಕ್ಕೂ ನನ್ನದೇ.

ಅತ್ತೆ, ನೀವು ಇಂಗ್ಲಿಷಿನಲ್ಲಿ ಪಾಸ್.

ನಿಮ್ಮ ಮಿಸ್,
ಶೈಲಾ