ಎದುರುಮನೆಗೆ ಓಡಿದ ಆಡು

ಇಸವಿ ೨೧೪೧, ಅಧಿಕ ಶ್ರಾವಣ
ನೇಕಾರರ ಓಣಿ

ಮುತ್ತಜ್ಜಿ ಸಂಗವ್ವನಿಗೆ ನಿನ್ನ ಮರಿಮೊಮ್ಮಗಳು ದಾನಮ್ಮ ಮಾಡುವ ನಮಸ್ಕಾರ.

ತಾರೀಕು ನೋಡಿ ಗಾಬರಿಯಾಗಬೇಡ, ಈ ಕಾಗದ ಹಿಂದಕ್ಕೆ, ನಿನ್ನ ಕಾಲಕ್ಕೆ ಬರೆದದ್ದು. ನನಗೆ ಎಪ್ಪತ್ತು ದಾಟಿದೆ, ನಿನಗಿನ್ನೂ ಮೂವತ್ತು; ಆದರೂ ಹಿರಿಯಳು ನೀನೇ. ಅಕ್ಷರವನ್ನು ನಾನಾಗಿಯೇ ಕಲಿತವಳು, ಮಾತು ವಿಚಿತ್ರ ಎನಿಸಿದರೆ ಹೊಟ್ಟೆಗೆ ಹಾಕಿಕೋ.

ಹಳ್ಳಿಯ ಹೆಂಗಸರಿಗೆ ಸಾಲ ಕೊಡುವ ನಿನ್ನ ಸಂಸ್ಥೆ ಇನ್ನೂ ಇದೆ. ಸಾಲದಿಂದ ಮನೆ ಮೇಲೆದ್ದಿತೋ ಕುಸಿಯಿತೋ ಎಂದು ಹೋಗಿ ನೋಡಬೇಕೆಂಬ ನಿನ್ನ ಪದ್ಧತಿಯೂ ಇದೆ. ಅದಕ್ಕೆ ನಾವು ಒಲೆನೋಟ ಅನ್ನುತ್ತೇವೆ. ಈಗಿನ ಒಲೆ ಬಿಸಿಲೊಲೆ, ಹಗಲಿನ ಬಿಸಿಲು ಕೂಡಿಟ್ಟುಕೊಂಡು ಸಂಜೆ ಬೇಯಿಸುವಂಥದ್ದು. ಅದರ ಮೇಲೇನಿದೆ, ಅಂಗಳದಲ್ಲಿ ಏನು ಕಟ್ಟಿದೆ, ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು ಎಂದು ಸಂಸ್ಥೆಯವರು ವರ್ಷಕ್ಕೊಮ್ಮೆ ನೋಡುತ್ತಾರೆ. ಸೋತ ಮನೆಯಿಂದ ಸಾಲದ ಕಂತು ಕೇಳುವುದನ್ನು ನಿಲ್ಲಿಸುತ್ತಾರೆ. ಎಲ್ಲ ಮನೆಗಳೂ ಗಟ್ಟಿಯಿದ್ದರೆ ಓಣಿಗೆ ಹಸಿರು ಬಾವುಟ, ನೋಡಲು ಬಂದವನಿಗೆ ಸಂಬಳದಲ್ಲಿ ಏರಿಕೆ. ಈ ಕೊನೆಯ ಮಾತು ಬರೆದದ್ದೂ ನೀನೇ.

ಪಕ್ಕದ ಮನೆಯ ಶಿವಲೀಲಾ ಸಂಸ್ಥೆಯ ಸಾಲದಲ್ಲಿ ಕೊಂಡ ಮಗ್ಗದಲ್ಲಿ ಸೀರೆ ನೇಯುತ್ತಾಳೆ. ಗಂಡ ಹಾಸಿಗೆ ಹಿಡಿದಿದ್ದಾನೆ. ಆಡುಗಳು ಅವನ ಔಷಧಿಗೆ ಹೋದವು. ಕಂತು ನಿಲ್ಲದಿದ್ದರೆ ಮಗ್ಗವೂ ಹೋಗುತ್ತದೆ. ನಿನ್ನೆ ಒಲೆನೋಟ. ಸೋತ ಮನೆಯ ಮಾನ ಮುಚ್ಚಲು ಇಡೀ ಓಣಿ ಏಳುವುದು ನಮ್ಮಲ್ಲಿ ರೂಢಿ. ಒಬ್ಬಳು ರೊಟ್ಟಿ ತಂದಳು, ಇನ್ನೊಬ್ಬಳು ಮೊಸರು. ಎದುರುಮನೆ ಕಾಳವ್ವ ತನ್ನ ಆಡನ್ನೇ ತಂದು ಕಟ್ಟಿದಳು. ನಾನು ಬೇಡವೆಂದು ಜಗಳಕ್ಕೇ ನಿಂತೆ. ಶಿವಲೀಲಾಳೇ ನನ್ನ ಕೈ ಹಿಡಿದಳು.

“ನನ್ನ ಸಲುವಾಗಿ ಓಣಿ ಬಾವುಟ ಇಳಿಯೂದು ಬ್ಯಾಡ ಬಿಡು, ಆಯಿ.”

ಸಂಸ್ಥೆಯ ಈರಪ್ಪ ಬಂದು ಒಲೆ ಮುಂದೆ ಕೂತ. ಅಷ್ಟರಲ್ಲಿ ಎದುರುಮನೆಯಲ್ಲಿ ಮರಿ ಅರಚಿತು. ಆಡು ಹಗ್ಗ ಕಿತ್ತುಕೊಂಡು ಓಡಿತು. ಕಾಳವ್ವನ ಕಟ್ಟೆಯ ಮೇಲೆ ಮರಿಗೆ ಹಾಲೂಡಿಸುತ್ತ ನಿಂತಿತು. ನಾನು ತಡೆಯಲಾರದೆ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ: ಆಡು ಇವಳದಲ್ಲ, ರೊಟ್ಟಿ ಇವಳದಲ್ಲ, ಮೊನ್ನೆಯಿಂದ ಈ ಒಲೆಯ ಮೇಲೆ ಪಾತ್ರೆ ಏರಿಲ್ಲ. ಶಿವಲೀಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಈರಪ್ಪ ಕೆಟ್ಟವನಲ್ಲ, ಅವನಿಗೂ ಮನೆತುಂಬ ಮಕ್ಕಳಿದ್ದಾರೆ. ನೆಲ ನೋಡುತ್ತ ಅಂದ:

“ಆಡು ಯಾರದರ ಇರ್ಲಿ ಆಯಿ, ನಾ ಬಂದಾಗ ಇಲ್ಲೇ ಕಟ್ಟಿತ್ತಲ್ಲ.”

ಇವತ್ತು ಓಣಿಯಲ್ಲಿ ಹಸಿರು ಬಾವುಟ ಹಾರುತ್ತಿದೆ. ಮಗ್ಗ ಒಯ್ಯುವ ಗಾಡಿ ನಾಳೆ ಬರುತ್ತದೆ.

ಮುತ್ತಜ್ಜಿ, ನಿನ್ನ ಕಾಲದಲ್ಲಿ ನೀನೀಗ ಒಲೆನೋಟದ ಆ ಕಟ್ಟಳೆ ಬರೆಯಲು ಕೂತಿದ್ದೀಯ. ಸೋತ ಮನೆಯನ್ನು ಸೋತಿದೆ ಎಂದು ಹೇಳಿದವನ ಅನ್ನಕ್ಕೆ ಕುತ್ತು ಬಾರದಂತೆ ಬರೆ. ಬಾವುಟದ ಮಾತು, ಏರಿಕೆಯ ಮಾತು ಎರಡನ್ನೂ ಹೊಡೆದುಹಾಕು. ಗೋಡೆಯಾಚೆ ಶಿವಲೀಲಾ ಕೊನೆಯ ಸೀರೆ ನೇಯುತ್ತಿದ್ದಾಳೆ, ಲಾಳಿಯ ಸದ್ದು ಕೇಳುತ್ತಿದೆ. ಅದು ನಿಲ್ಲುವ ಮೊದಲು ಹೊಡೆದುಹಾಕು.

ನಿನ್ನ ದಾನಮ್ಮ